ಸಹಿ ಹಾಕಿದವರು ನಾವು, ಬೈಸಿಕೊಂಡವರು ಮೆಷಿನ್‌ಮ್ಯಾನ್

ಕಳೆದ ವರ್ಷ ನಮ್ಮ ಸಂಘದ ವಿಶೇಷಾಂಕ ಪ್ರೆಸ್ಸಿನಿಂದ ಬಂದ ದಿನ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಬಿದ್ದ ಮೊದಲ ಸಂದೇಶ, "ಪ್ರೆಸ್ಸಿನವನು ಎಲ್ಲಾ ಕೆಡಿಸಿಬಿಟ್ಟ." ಹತ್ತು ನಿಮಿಷದೊಳಗೆ ಅದರ ಕೆಳಗೆ ಹದಿನಾಲ್ಕು ಹೆಬ್ಬೆರಳು ಬಿದ್ದವು. ಅದರಲ್ಲೊಂದು ನನ್ನದು.

ಪುಣೆಯ ನಮ್ಮ ಬಡಾವಣೆಯ ಸುತ್ತಮುತ್ತಲಿನ ಕನ್ನಡಿಗರು ಸೇರಿ ನಡೆಸುವ ಪುಟ್ಟ ಸಂಘ ಇದು. ಮುಖಪುಟದಲ್ಲಿ ಇದ್ದದ್ದು ನಮ್ಮ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಕನ್ನಡ ಕಲಿಸುತ್ತಿದ್ದ ಟೀಚರ್ ಫೋಟೊ. ಅವರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ದಾಳಿಂಬೆ ಕೆಂಪಿನ ಇಳಕಲ್ ಸೀರೆ ಉಟ್ಟು, ಸ್ವಲ್ಪ ಓರೆಯಾಗಿ ಕೂತು ನಗುತ್ತಿರುವ ಚಿತ್ರ. ಅಚ್ಚಾಗಿ ಬಂದಾಗ ಸೀರೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಮುಖಕ್ಕೆ ಬೂದಿ ಬಳಿದಂತಿತ್ತು. ಅವರ ಮಗಳು ಪ್ರತಿಯನ್ನು ಕೈಗೆ ತಗೊಂಡು ಒಂದು ಗಳಿಗೆ ನೋಡಿ, "ಇದು ಅವ್ವನ ಸೀರಿ ಅಲ್ರೀ" ಅಂದು ವಾಪಸ್ ಕೊಟ್ಟರು.

ಆಮೇಲೆ ನಡೆದದ್ದು ಇಂಥ ಕಡೆಗಳಲ್ಲೆಲ್ಲ ನಡೆಯುವಂಥದ್ದೇ. ಸಭೆ ಸೇರಿದೆವು, ಸಿಟ್ಟಾದೆವು, ಪ್ರೆಸ್ಸಿನ ಬಿಲ್ಲಿನಲ್ಲಿ ಕಾಲು ಭಾಗ ತಡೆಹಿಡಿದೆವು. ಮಾಲೀಕರು ನಮ್ಮ ಜೊತೆ ಜಗಳವಾಡಲಿಲ್ಲ. ನಷ್ಟವನ್ನು ಕಂತು ಮಾಡಿ ಮೆಷಿನ್‌ಮ್ಯಾನ್ ಪಗಾರದಿಂದ ಮುರಿದುಕೊಂಡರು. ಈ ಸಂಗತಿ ನನಗೆ ತಿಳಿದದ್ದು ಮೂರು ತಿಂಗಳ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಅದನ್ನು ನಾವು ಸರ್ವಾನುಮತದಿಂದ, ನಡಾವಳಿ ಬರೆದು ಮಾಡಿದ್ದೆವು.

ಈ ಬರಹದಲ್ಲಿ ನನ್ನ ವಾದ ಇಷ್ಟೆ: ಪ್ರೂಫಿನ ಬಣ್ಣಕ್ಕೂ ಅಚ್ಚಿನ ಬಣ್ಣಕ್ಕೂ ಹೊಂದಿಕೆಯಾಗಲಿಲ್ಲ ಅಂದ ಕೂಡಲೇ ಮೆಷಿನ್ ಮುಂದೆ ನಿಂತವರನ್ನು ಹಿಡಿಯುವುದು ತಪ್ಪು. ಹುಡುಕಾಟ ಶುರುವಾಗಬೇಕಾದ್ದು ಸಹಿ ಹಾಕಿದವರಿಂದ. ನಮ್ಮ ಪ್ರಕರಣದಲ್ಲಿ ಸಹಿ ನನ್ನದೇ ಆಗಿತ್ತು.

ಈ ವರ್ಷದ ಸಂಚಿಕೆಗೆ ಬೇರೆ ಪ್ರೆಸ್ ನೋಡೋಣ ಎಂದು ಸಮಿತಿ ಹೊರಟಾಗ, ಹಳೆಯ ಪ್ರೆಸ್ಸಿನಲ್ಲಿ ಆದದ್ದೇನು ಎಂದು ಮೊದಲು ತಿಳಿದುಕೊಂಡು ಬರುತ್ತೇನೆ ಎಂದೆ. ಆಫೀಸಿನಲ್ಲಿ ಯಾವ ಸಿಸ್ಟಮ್ ಬಿದ್ದರೂ ಮರುದಿನ ಮೂಲ ಕಾರಣ ಹುಡುಕಿ ಬರೆದಿಡುವುದು ನನ್ನ ಹೊಟ್ಟೆಪಾಡು. ಪ್ಯಾಕೇಜಿಂಗ್ ಕಂಪನಿಯೊಂದರ ಪ್ರಿಪ್ರೆಸ್ ವಿಭಾಗದಲ್ಲಿ ಇರುವ ಗೆಳೆಯರೊಬ್ಬರನ್ನೂ ಜೊತೆಗೆ ಕರೆದೆ. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಅವರದು, ತಿಳಿವಳಿಕೆಯೂ ಅವರದು. ಕೆಳಗೆ ಬರುವುದರಲ್ಲಿ ಸಿಟ್ಟು ಮಾತ್ರ ನನ್ನದು.

ಮೆಷಿನ್‌ಮ್ಯಾನ್ ಕಾಕಾ ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅವರ ಜೊತೆ ಯಾರೂ ಮಾತಾಡಿರಲಿಲ್ಲ. "ಸಾಹೇಬ್ರ, ಆ ಪ್ರೂಫಿನ್ಯಾಗಿನ ಕೆಂಪು ನನ್ನ ಡಬ್ಬ್ಯಾಗ ಇಲ್ರೀ. ನಾಕೂ ಡಬ್ಬಿ ಕೂಡಿಸಿದ್ರೂ ಬರೂದಿಲ್ಲ" ಅಂದರು.

"ಆವಾಗಲೇ ಹೇಳಬೇಕಿತ್ತಲ್ಲ ಕಾಕಾ?"

"ಹೇಳಿದ್ನಲ್ರೀ. ನಿಮ್ಮವರು ಮ್ಯಾಚ್ ಮಾಡು ಅಂದ್ರು."

ಹೇಳಿದ್ದು ನಿಜ. ಅದಕ್ಕೆ ನಮ್ಮವರೊಬ್ಬರು ಕೊಟ್ಟ ಉತ್ತರವೂ ಗುಂಪಿನಲ್ಲಿ ಇನ್ನೂ ಇದೆ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಅದಕ್ಕೂ ನಗುವ ಮುಖಗಳು ಬಿದ್ದಿದ್ದವು. ನೆಲ ನಿಜಕ್ಕೂ ಡೊಂಕಾಗಿತ್ತು, ಹಾಸಿದವರು ನಾವಾಗಿದ್ದೆವು.

ಕಾಕಾ ಕತ್ತರಿಸದ ಒಂದು ಪೂರ್ತಿ ಶೀಟನ್ನು ತೆಗೆದಿಟ್ಟಿದ್ದರು. ಶೀಟಿನ ಅಂಚಿನಲ್ಲಿ ಉದ್ದಕ್ಕೂ ಸಣ್ಣ ಚೌಕಗಳ ಪಟ್ಟಿ ಇರುತ್ತದೆ. ಸಯಾನ್, ಮೆಜೆಂಟಾ, ಹಳದಿ, ಕಪ್ಪು, ಈ ನಾಲ್ಕರ ಪೂರ್ತಿ ತುಂಬಿದ ಚೌಕಗಳು, ಅರ್ಧ ಚುಕ್ಕಿಯ ಚೌಕಗಳು, ಮೂರು ಬಣ್ಣ ಸೇರಿಸಿದ ಬೂದು ಚೌಕ. ಪುಸ್ತಕ ಟ್ರಿಮ್ ಆದಾಗ ಈ ಪಟ್ಟಿ ಕತ್ತರಿಸಿ ಹೋಗುತ್ತದೆ, ಹಾಗಾಗಿ ನಮ್ಮಂಥವರು ಅದನ್ನು ನೋಡಿಯೇ ಇರುವುದಿಲ್ಲ. ಮೆಷಿನ್ ಆ ದಿನ ಹೇಗೆ ಓಡಿತು ಅನ್ನುವುದಕ್ಕೆ ಸಾಕ್ಷಿ ಆ ಪಟ್ಟಿ ಒಂದೇ. ಮುಖಪುಟದ ಚಿತ್ರದಿಂದ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಚಿತ್ರದಲ್ಲಿ ಫೈಲಿನ ತಪ್ಪೂ ಮೆಷಿನ್ನಿನ ತಪ್ಪೂ ಕಲಸಿಹೋಗಿರುತ್ತವೆ.

ಆಫ್‌ಸೆಟ್ ಮುದ್ರಣಕ್ಕೆ ಐಎಸ್‌ಒ 12647-2 ಎಂಬ ಮಾನದಂಡ 1996ರಿಂದ ಇದೆ, 2004 ಮತ್ತು 2013ರಲ್ಲಿ ಪರಿಷ್ಕಾರವಾಗಿದೆ. ಪೂರ್ತಿ ತುಂಬಿದ ಬಣ್ಣ ಎಷ್ಟು ಆಚೀಚೆ ಹೋಗಬಹುದು, ಚುಕ್ಕಿ ಎಷ್ಟು ಹಿಗ್ಗಬಹುದು, ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ. ಚುಕ್ಕಿ ಹಿಗ್ಗುವುದು ಅಂದರೆ, ಪ್ಲೇಟಿನ ಮೇಲೆ ನೂರಕ್ಕೆ 50ರಷ್ಟಿದ್ದ ಚುಕ್ಕಿ ರಬ್ಬರ್ ಬ್ಲ್ಯಾಂಕೆಟ್ಟಿಗೆ ಹತ್ತಿ ಆರ್ಟ್ ಪೇಪರಿಗೆ ಒತ್ತುವಷ್ಟರಲ್ಲಿ ಸುಮಾರು 64ರಷ್ಟಾಗಿ ಕಾಣುವುದು. ಇದು ದೋಷವಲ್ಲ, ಇಂಕು ಮತ್ತು ಕಾಗದದ ಸ್ವಭಾವ. ಇಂಕು ಹೀರುವ ಮ್ಯಾಪ್‌ಲಿಥೋ ಕಾಗದದಲ್ಲಿ ಇನ್ನೂ ಹೆಚ್ಚು. ಒಳ್ಳೆಯ ಫೈಲಿನಲ್ಲಿ ಈ ಹಿಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ.

ಗೆಳೆಯರು ಪಟ್ಟಿಯ ಚೌಕಗಳನ್ನು ಒಂದೊಂದಾಗಿ ಅಳೆದರು. ಎಲ್ಲವೂ ಮಿತಿಯೊಳಗೆ. "ಮೆಷಿನ್ ಸರಿಯಾಗಿದೆ. ಇನ್ನು ಹಿಂದಕ್ಕೆ ನಡೀರಿ" ಅಂದರು. ಬಣ್ಣದ ತಕರಾರು ಬಿಡಿಸುವ ಕ್ರಮವೇ ಇದು. ಮೊದಲು ಶೀಟಿನ ಪಟ್ಟಿ. ಅದು ಸರಿಯಿದ್ದೂ ಚಿತ್ರ ಹೊಂದದಿದ್ದರೆ ಪ್ರೂಫ್. ಪ್ರೂಫೂ ಸರಿಯಿದ್ದರೆ ಫೈಲು. ನಾವು ಮಾಡಿದ್ದು ಮೊದಲನೆಯದನ್ನೂ ನೋಡದೆ ದಂಡ ಹಾಕಿದ್ದು.

ಹಿಂದಕ್ಕೆ ನಡೆದಾಗ ಸಿಕ್ಕ ಮೊದಲ ವಸ್ತು, ನನ್ನ ಸಹಿ ಇದ್ದ ಪ್ರೂಫ್. ಪ್ರೂಫ್ ಎಂದು ನಾವು ಕರೆದದ್ದು ಪ್ರೆಸ್ಸಿನ ಮುಂಭಾಗದ ಆಫೀಸಿನಲ್ಲಿ, ಆಧಾರ್ ಕಾರ್ಡಿನ ಕಲರ್ ಜೆರಾಕ್ಸ್ ತೆಗೆಯುವ ಲೇಸರ್ ಪ್ರಿಂಟರಿನಿಂದ ಬಂದ ಒಂದು ಹಾಳೆ. ಅದರ ಟೋನರಿನ ಕೆಂಪಿಗೂ ಆಫ್‌ಸೆಟ್ ಇಂಕಿನ ಕೆಂಪಿಗೂ ಯಾವ ನಂಟೂ ಇಲ್ಲ. ನಿಜವಾದ ಪ್ರೂಫಿಗೆ ಅದೇ ಮಾನದಂಡದ ಏಳನೆಯ ಭಾಗವಿದೆ. ಆ ಪ್ರೂಫ್ ಇಂಕ್‌ಜೆಟ್ಟಿನಲ್ಲೇ ಬರಬಹುದು, ಆದರೆ ಯಾವ ಮುದ್ರಣ ಸ್ಥಿತಿಯನ್ನು ಅನುಕರಿಸುತ್ತಿದೆ ಎಂಬ ಹೆಸರು ಅದರ ಮೇಲೆ ಇರಬೇಕು, ಪಕ್ಕದಲ್ಲಿ ಅಳೆಯಬಲ್ಲ ಚೌಕಗಳ ಪಟ್ಟಿ ಇರಬೇಕು, ಅಳೆದ ಫಲಿತಾಂಶ ಇರಬೇಕು. ಮೆಷಿನ್ ಏನು ಮಾಡಬಲ್ಲದೋ ಅದನ್ನಷ್ಟೇ ತೋರಿಸುತ್ತೇನೆ ಎಂದು ಒಪ್ಪಿಕೊಂಡ ಹಾಳೆ ಅದು. ನಾವು ಸಹಿ ಹಾಕಿದ ಹಾಳೆ ಏನನ್ನೂ ಒಪ್ಪಿಕೊಂಡಿರಲಿಲ್ಲ, ಚೆನ್ನಾಗಿ ಕಂಡಿತ್ತು ಅಷ್ಟೆ.

ಮಾಲೀಕರ ಮೇಲೆ ಹರಿಹಾಯಲು ಬಾಯಿ ತೆರೆದೆ. ಅವರು ಹಳೆಯ ಕೊಟೇಶನ್ ತೆಗೆದು ಮುಂದಿಟ್ಟರು. ಅದರಲ್ಲಿ ಕಲರ್ ಪ್ರೂಫ್ ಅಂತ ಒಂದು ಸಾಲು ಇತ್ತು. ಅದರ ಮೇಲೆ ಗೆರೆ ಎಳೆದು "ಬೇಡ" ಎಂದು ಬರೆದ ಅಕ್ಷರ ನನ್ನದು. ಸಮಿತಿಯ ಒಂದು ಸಭೆಯ ಇಡ್ಲಿ, ವಡೆ, ಕಾಫಿಯ ಬಿಲ್ಲಿಗಿಂತ ಕಡಿಮೆ ಮೊತ್ತ.

ಹಾಗಂತ ಮಾಲೀಕರನ್ನು ಪೂರ್ತಿ ಬಿಟ್ಟುಕೊಡಲಾರೆ. ಜೆರಾಕ್ಸ್ ಹಾಳೆಗೆ ಸಹಿ ತಗೊಂಡು ಅದನ್ನೇ ಮೆಷಿನ್ ಹತ್ತಿರ ಕಳಿಸಿದ್ದು ಅವರ ತಪ್ಪು. ಇಂಕಿನ ಸಾಂದ್ರತೆ ಅಳೆಯುವ ಡೆನ್ಸಿಟೋಮೀಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ತಪ್ಪು. ಕಾಕಾ ಅಷ್ಟು ವರ್ಷವೂ ಕಣ್ಣಂದಾಜಿನಲ್ಲೇ ಮಿತಿಯೊಳಗೆ ಓಡಿಸಿದ್ದಾರೆ ಅನ್ನುವುದು ಅವರ ಕೈಗುಣ. ಅದನ್ನು ನಂಬಿಕೊಂಡು ಉಪಕರಣ ಕೊಡದಿರುವುದು, ಕೆಟ್ಟಾಗ ಪಗಾರ ಮುರಿಯುವುದು, ಇವೆರಡೂ ಒಂದೇ ಮನೆಯಲ್ಲಿ ನಡೆಯುತ್ತಿವೆ.

ಇನ್ನು ಫೈಲು. ಇಲ್ಲಿ ನನಗೆ ತಲೆ ತಗ್ಗಿಸುವ ಸಂಗತಿ ಕಾದಿತ್ತು. ನಾನು ಸಹಿ ಹಾಕಿದ್ದು ಮೂರನೇ ಆವೃತ್ತಿಗೆ. ಪ್ಲೇಟಿಗೆ ಹೋದದ್ದು ಐದನೇ ಆವೃತ್ತಿ. ನಡುವೆ ಎರಡು ಸಲ ಬದಲಾವಣೆ ಹೇಳಿದವರು ನಾವೇ, ರಾತ್ರಿ ಹತ್ತೂವರೆಗೆ, ವಾಯ್ಸ್ ಮೆಸೇಜಿನಲ್ಲಿ. ಅದರಲ್ಲೊಂದು, "ಟೀಚರ್ ಮುಖ ಸ್ವಲ್ಪ ಬೆಳ್ಳಗೆ ಮಾಡಿ." ಡಿಸೈನರ್ ಹುಡುಗ ಮುಖದ ಭಾಗದಲ್ಲಿ ಮೆಜೆಂಟಾ, ಹಳದಿ ಎರಡನ್ನೂ ಇಳಿಸಿದ. ಚರ್ಮದ ಬಣ್ಣಕ್ಕೆ ಬಿಸುಪು ಕೊಡುವುದು ಅವೆರಡೇ. ಅವನ್ನು ಇಳಿಸಿ ಸಯಾನ್ ಮತ್ತು ಕಪ್ಪನ್ನು ಹಾಗೇ ಬಿಟ್ಟರೆ ಉಳಿಯುವುದು ಬೂದಿ. ಟೀಚರ್ ಕಪ್ಪಗಿದ್ದರು, ಚೆಂದವಾಗಿ ಕಪ್ಪಗಿದ್ದರು. ಅವರನ್ನು ಬೆಳ್ಳಗೆ ಮಾಡಿ ಎಂದು ಕೇಳಿದ ಏಳು ಜನಕ್ಕೂ ಅವರು ಹೇಗಿದ್ದರು ಎಂಬುದು ಚೆನ್ನಾಗಿ ಗೊತ್ತಿತ್ತು. ಇದು ಬಣ್ಣ ಹೊಂದಿಸುವ ಸಮಸ್ಯೆಯೇ ಅಲ್ಲ ಎಂದು ನೀವು ಹೇಳಬಹುದು. ಆದರೆ ಬಿಲ್ಲಿನಿಂದ ಮುರಿದ ದುಡ್ಡಿನಲ್ಲಿ ಇದೂ ಸೇರಿತ್ತು.

ಸೀರೆಯ ಕಥೆ ಬೇರೆ. ಫೋಟೊ ನಮಗೆಲ್ಲ ಇಷ್ಟವಾದದ್ದು ಫೋನಿನ ಪರದೆಯಲ್ಲಿ. ಪರದೆ ಬೆಳಕನ್ನು ಹೊರಕ್ಕೆ ಸೂಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಇಂಕು ನುಂಗಿ ಉಳಿದದ್ದನ್ನು ವಾಪಸ್ ಕೊಡುತ್ತದೆ. ಪರದೆಯ ಕೆಲವು ಕೆಂಪು, ಕೆಲವು ನೀಲಿ ಆ ನಾಲ್ಕು ಇಂಕುಗಳ ಕೈಗೆ ಎಟುಕುವುದೇ ಇಲ್ಲ. ಕಾಕಾ ಡಬ್ಬ್ಯಾಗ ಇಲ್ಲ ಅಂದದ್ದು ಇದನ್ನೇ, ಅವರಿಗೆ ಎಂಟೆಕ್ ಬೇಕಾಗಲಿಲ್ಲ. ಎಟುಕದ್ದನ್ನು ಎಟುಕುವ ಹತ್ತಿರದ ಬಣ್ಣಕ್ಕೆ ಇಳಿಸುವುದು ಆರ್‌ಜಿಬಿಯಿಂದ ಸಿಎಂವೈಕೆಗೆ ಬದಲಿಸುವ ಹಂತದ ಕೆಲಸ. ಯಾವ ಪ್ರೊಫೈಲಿನಿಂದ ಬದಲಿಸುತ್ತೀರಿ ಅನ್ನುವುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಹುಡುಗನ ಫೋಟೊಶಾಪಿನಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ಸೆಟ್ಟಿಂಗು ಸ್ವಾಪ್. ಅಮೆರಿಕದ ವೆಬ್ ಆಫ್‌ಸೆಟ್ಟಿನಲ್ಲಿ ಅಚ್ಚಾಗುವ ಮ್ಯಾಗಜಿನ್ನುಗಳಿಗೆಂದು ಮಾಡಿದ ಪ್ರೊಫೈಲು ಅದು. ನಮ್ಮದು ಪುಣೆಯ ಹಳೆಯ ಪೇಠೆಯ ಶೀಟ್‌ಫೆಡ್ ಮೆಷಿನ್, ದಪ್ಪ ಆರ್ಟ್ ಕಾರ್ಡ್. ಕೆಂಪಿನೊಳಗೆ ಬೇಕಾದದ್ದಕ್ಕಿಂತ ಹೆಚ್ಚು ಸಯಾನ್ ನುಗ್ಗಿತ್ತು. ಕೆಂಪಿಗೆ ಸಯಾನ್ ಸೇರಿದರೆ ಇಟ್ಟಿಗೆ. ಅದರ ಮೇಲೆ ಮ್ಯಾಟ್ ಲ್ಯಾಮಿನೇಶನ್ ಬೇಕು ಎಂದು ಹಟ ಹಿಡಿದದ್ದೂ ನಾವು, ಕೈಗೆ ರೇಷ್ಮೆಯಂತೆ ಹತ್ತುತ್ತದೆ ಅಂತ. ಮ್ಯಾಟ್ ಪದರ ಗಾಢ ಬಣ್ಣಗಳ ಆಳವನ್ನು ಕಡಿಮೆ ಮಾಡಿ ಮೇಲೊಂದು ತೆಳು ಮಂಜು ಹರಡುತ್ತದೆ. ಪ್ರೂಫಿನಲ್ಲಿ ಆ ಮಂಜು ಇರಲಿಲ್ಲ.

ಬೆಳಕಿನ ಮಾತೂ ಆಗಿಬಿಡಲಿ. ಪ್ರೂಫನ್ನೂ ಶೀಟನ್ನೂ ಪಕ್ಕಪಕ್ಕ ಇಟ್ಟು ನೋಡಲು 5000 ಕೆಲ್ವಿನ್ನಿನ ಡಿ50 ಬೆಳಕು, ಸುಮಾರು 2000 ಲಕ್ಸ್ ಇರಬೇಕು ಎಂದು ಐಎಸ್‌ಒ 3664 ಹೇಳುತ್ತದೆ. ಬೇರೆ ಬೇರೆ ಇಂಕಿನ ಎರಡು ಕೆಂಪುಗಳು ಒಂದು ದೀಪದಡಿ ಅವಳಿಗಳಂತೆ ಕಂಡು ಇನ್ನೊಂದರಡಿ ಪರಕೀಯರಾಗಬಲ್ಲವು. ನಾನು ಸಹಿ ಹಾಕಿದ್ದು ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು. ನನ್ನ ಅಮ್ಮ ಸೀರೆ ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಒಂದೂ ಸೀರೆ ಆರಿಸಿದವರಲ್ಲ. ಅಂಗಡಿಯವನು ಎಷ್ಟೇ ಮುಖ ಸಿಂಡರಿಸಲಿ, ಸೆರಗನ್ನು ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ಬಿಡಿಸಿ ನೋಡಿಯೇ ಒಳಗೆ ಹೋಗುತ್ತಿದ್ದರು. ಅಷ್ಟು ವಿವೇಕ ನನಗೆ ಯಾಕೆ ಬರಲಿಲ್ಲವೋ.

ಮೆಷಿನ್ ಓಡುವಾಗ ನಮ್ಮವರೊಬ್ಬರು ಅಲ್ಲೇ ಇದ್ದರು. ಜೆರಾಕ್ಸ್ ಹಾಳೆ ಹಿಡಿದು "ಇದರ ಹಾಗೆ ಬರಲಿ" ಎಂದು ನಿಂತರು. ಕಾಕಾ ಸೀರೆಯ ಭಾಗಕ್ಕೆ ಮೆಜೆಂಟಾ ಕೀಲಿಗಳನ್ನು ತುಸು ತೆರೆದರು. ಇಂಕಿನ ಕೀಲಿ ಸೀರೆಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಶೀಟು ಓಡುವ ದಿಕ್ಕಿನಲ್ಲಿ ಆ ಪಟ್ಟೆಯಲ್ಲಿ ಏನೇನಿದೆಯೋ ಎಲ್ಲಕ್ಕೂ ಇಂಕು ಹೆಚ್ಚುತ್ತದೆ. ಅದೇ ಪಟ್ಟೆಯಲ್ಲಿ ಹಿಂಬದಿ ರಕ್ಷಾಪುಟದ ಪ್ರಾಯೋಜಕರ ಜಾಹೀರಾತಿತ್ತು. ಅದರ ತೆಳು ಬೂದು ಹಿನ್ನೆಲೆ ಗುಲಾಬಿಯಾಯಿತು. ದುಡ್ಡು ಕೊಟ್ಟವರ ಜಾಹೀರಾತು ನೋಡಿ, ಅದನ್ನು ಕೆಡಿಸುವ ಹಾಗಿಲ್ಲ. ಮತ್ತೆ ಕೀಲಿ ಮುಚ್ಚಿಸಿದರು. ಹೀಗೆ ತೆರೆದು ಮುಚ್ಚಿ ಮುನ್ನೂರು ಚಿಲ್ಲರೆ ಶೀಟು ರದ್ದಿಗೆ ಹೋದವು. ಕೊನೆಗೆ ಹಸಿ ಶೀಟನ್ನು ನೋಡಿ ಅವರು ಓಕೆ ಅಂದರು. ಇಂಕು ಒಣಗಿದ ಮೇಲೆ ಹೊಳಪು ಇಳಿದು ಬಣ್ಣ ಇನ್ನಷ್ಟು ಕುಂದುತ್ತದೆ ಎಂದು ಕಾಕಾ ಹೇಳಿದ್ದನ್ನು ಕೇಳಿಸಿಕೊಳ್ಳುವಷ್ಟರಲ್ಲಿ ಅವರ ಕ್ಯಾಬ್ ಬಂದಿತ್ತು. ಆ ರದ್ದಿಯೂ ಕಾಕಾ ಲೆಕ್ಕಕ್ಕೇ ಬಂತು.

ಸಮಿತಿಯಲ್ಲಿ ಇದನ್ನೆಲ್ಲ ಹೇಳಿದಾಗ ಮೂರು ಥರದ ಉತ್ತರ ಬಂತು. ಒಬ್ಬರು, "ನಾವು ದುಡ್ಡು ಕೊಡುವವರು, ಅವರ ಕೆಲಸ ಅವರಿಗೆ ಗೊತ್ತಿರಬೇಕು" ಅಂದರು. ಗೊತ್ತಿತ್ತು ಸ್ವಾಮಿ. ಗೊತ್ತಿದ್ದದ್ದನ್ನು ಹೇಳಿದ್ದಕ್ಕೆ ಗಾದೆ ಕೇಳಿಸಿಕೊಂಡರು. ಈ ಮಾತು ಅಂದವರು ನನ್ನ ಹಾಗೇ ಐಟಿಯವರು. ರಿಕ್ವೈರ್‌ಮೆಂಟ್ ಶುಕ್ರವಾರ ರಾತ್ರಿ ಬದಲಿಸಿ ಸೋಮವಾರ ಡಿಫೆಕ್ಟ್ ಎಂದು ಬರೆಯುವ ಕ್ಲೈಂಟಿನ ಬಗ್ಗೆ ಅವರು ಎಷ್ಟು ಸಲ ನನ್ನ ಹತ್ತಿರ ಗೋಳು ತೋಡಿಕೊಂಡಿಲ್ಲ! ಒಪ್ಪಿಗೆಯಾದ ಆವೃತ್ತಿ ಯಾವುದು, ಒಪ್ಪಿಗೆಯ ಮಾನದಂಡ ಏನು ಎಂದು ಆ ಕ್ಲೈಂಟಿನ ಮುಂದೆ ಹಲ್ಲು ಕಚ್ಚಿ ಹಿಡಿದು ಕೂರುವ ನಾವು, ಪೇಠೆಯ ಗಲ್ಲಿಯೊಳಗೆ ಕಾಲಿಟ್ಟ ಕ್ಷಣ ಅದೇ ಕ್ಲೈಂಟ್ ಆಗಿಬಿಡುತ್ತೇವೆ. ಅಲ್ಲಿ ನಮ್ಮ ಮಾನದಂಡ "ಸ್ವಲ್ಪ ಚೆನ್ನಾಗಿ ಬರಲಿ."

ಇನ್ನೊಬ್ಬರು, "ಓದುಗರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಮಾರಾಯ್ರೆ" ಅಂದರು. ಗೊತ್ತಾಗದಿದ್ದರೆ ಬಿಲ್ಲು ಮುರಿದದ್ದು ಯಾವುದಕ್ಕೆ?

ಮೂರನೆಯವರು, ಇನ್ನು ಮೇಲೆ ಪಿಡಿಎಫ್ ಸಾಕು, ಅಚ್ಚೇ ಬೇಡ ಅಂದರು. ಪರದೆಯ ಮೇಲೆ ಬರೆಯುತ್ತಿರುವ ನನಗೆ ಪರದೆಯ ಮೇಲೆ ಸಿಟ್ಟಿಲ್ಲ. ಆದರೆ ಟೀಚರ್ ಸೀರೆ ನಿಮ್ಮ ಫೋನಿನಲ್ಲಿ ಒಂದು ಕೆಂಪು, ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು. ಅದಕ್ಕೆ ಯಾರೂ ಯಾರನ್ನೂ ಬೈಯುವುದಿಲ್ಲ, ಯಾಕೆಂದರೆ ಪರದೆಯ ಪಕ್ಕದಲ್ಲಿ ಪಗಾರ ಮುರಿಯಲು ಒಬ್ಬ ಮನುಷ್ಯ ನಿಂತಿಲ್ಲ.

ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದರೆ ದಾರಿಯಲ್ಲಿ ಮಳವಲಿ ಸಿಗುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಪ್ರೆಸ್ಸು ಆಮೇಲೆ ಬಂದು ನೆಲೆಸಿದ್ದು ಅಲ್ಲಿ. ನಮ್ಮ ಅಜ್ಜಿಯಂದಿರ ದೇವರ ಕೋಣೆಯಲ್ಲಿದ್ದ ಲಕ್ಷ್ಮಿ, ಸರಸ್ವತಿಯರು ಆ ಥರದ ಕಲ್ಲಚ್ಚಿನಿಂದ ಬಂದವರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ತೈಲಚಿತ್ರವನ್ನು ಕಣ್ಣಲ್ಲೇ ಬಣ್ಣ ಬಣ್ಣವಾಗಿ ಬಿಡಿಸಿ ಕಲ್ಲಿನ ಮೇಲೆ ಬರೆಯುವ ಕೆಲಸ. ಲಕ್ಷ್ಮಿಯ ಸೀರೆ ಚೆನ್ನಾಗಿ ಬಂದದ್ದಕ್ಕೆ ನಾವು ರವಿವರ್ಮನನ್ನು ಹೊಗಳುತ್ತೇವೆ. ಕಲ್ಲಿನ ಮುಂದೆ ಕೂತಿದ್ದವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕೆಟ್ಟು ಬಂದಿದ್ದರೆ ಬಹುಶಃ ವಿಚಾರಿಸಿ ತಿಳಿದುಕೊಳ್ಳುತ್ತಿದ್ದೆವು.

ಈ ವರ್ಷದ ಸಂಚಿಕೆಗೆ ನಾನು ಒಂದು ಪುಟದ ಕರಾರು ಬರೆದುಕೊಟ್ಟಿದ್ದೇನೆ. ಪ್ರೂಫಿನ ಮೇಲೆ ಫೈಲಿನ ಆವೃತ್ತಿಯೂ ಪ್ರೊಫೈಲಿನ ಹೆಸರೂ ಅಳೆದ ಪಟ್ಟಿಯೂ ಇರಬೇಕು. ಕಾಗದ, ಲ್ಯಾಮಿನೇಶನ್ನಿನ ತುಂಡು ಜೊತೆಗಿರಬೇಕು. ಡಿ50 ದೀಪವಿಲ್ಲದಿದ್ದರೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲ ನೆರಳಿನಲ್ಲಿ ನೋಡಬೇಕು. ಸಹಿಯಾದ ಮೇಲೆ ಒಂದು ಚುಕ್ಕಿ ಬದಲಾದರೂ ಹೊಸ ಪ್ರೂಫ್, ಅದರ ಖರ್ಚು ನಮ್ಮದು. ಮೆಷಿನ್ ಹತ್ತಿರ ಹೋಗುವವರು ಮೊದಲು ಪಟ್ಟಿಯ ಅಳತೆ ಕೇಳಬೇಕು, ಆಮೇಲೆ ಚಿತ್ರ ನೋಡಬೇಕು. ಡೆನ್ಸಿಟೋಮೀಟರಿನ ಬೀಗದ ಕೈ ಕಾಕಾ ಹತ್ತಿರ ಇರಬೇಕು ಎಂಬುದನ್ನೂ ಬರೆದಿದ್ದೆ. ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಯಾರೋ ಹೊಡೆದುಹಾಕಿದ್ದಾರೆ.

ತಡೆಹಿಡಿದ ಕಾಲು ಭಾಗ ಈಗಲೂ ಸಂಘದ ಖಾತೆಯಲ್ಲಿದೆ. ಅದನ್ನು ಪ್ರೆಸ್ಸಿಗೆ ಕೊಡಬೇಕು, ಕಾಕಾ ಪಗಾರದಿಂದ ಮುರಿದದ್ದು ಅವರ ಕೈಗೆ ವಾಪಸ್ ಬಂತು ಎಂದು ಮಾಲೀಕರಿಂದ ಬರಹದಲ್ಲಿ ತಗೊಳ್ಳಬೇಕು ಎಂದು ಬರುವ ಭಾನುವಾರದ ಸಭೆಗೆ ಗೊತ್ತುವಳಿ ಕಳಿಸಿದ್ದೇನೆ. ಎರಡನೇ ವಿಷಯವಾಗಿ ಸೇರಿಸಿ ಎಂದು ಕೇಳಿದ್ದೆ. ಅಧ್ಯಕ್ಷರು ಅದನ್ನು 'ಇತರೆ ವಿಷಯಗಳು, ಸಮಯವಿದ್ದಲ್ಲಿ' ಎಂಬುದರ ಕೆಳಗೆ ಹಾಕಿದ್ದಾರೆ. ಟೀಚರ್ ಮಗಳಿಗೂ ಬರಲು ಹೇಳಿದ್ದೇನೆ. ಕತ್ತರಿಸದ ಆ ಶೀಟು ನನ್ನ ಹತ್ತಿರವೇ ಇದೆ, ತರುತ್ತೇನೆ.